ಬಾವಿಯಲ್ಲಿ ತೂಗುವ ಯೀಸ್ಟ್

ಹಾಲಿನ ಲಾರಿ ಬರುವ ಹೊತ್ತಿಗೆ ಊರಿನ ಅರ್ಧ ಜನ ಹಾಲಿನ ಕ್ಯಾನ್ ಹಿಡಿದು ರಸ್ತೆಬದಿಯ ಕಟ್ಟೆಯ ಬಳಿ ಸೇರಿರುತ್ತಾರೆ. ಜೆನೊನಾಸ್ ತೀರ್ಪು ಕೊಟ್ಟದ್ದು ಅಲ್ಲಿಯೇ. "ನಮ್ಮತ್ತಿಗೆ ಉರ್ಶುಲೆಯ ಬಿಯರ್ ಯೀಸ್ಟ್ ಕೆಟ್ಟೋಯ್ತು ಕಣ್ರಪ್ಪಾ. ಅವರಪ್ಪನ ಕೈಲಿ ಚೆನ್ನಾಗಿತ್ತು, ಹೆಂಗಸಿನ ಕೈ ಸೇರಿ ಸತ್ತೋಯ್ತು. ಮದ್ವೆಗೆ ಕಾರ್ಖಾನೆ ಬಿಯರ್ ತರಿಸ್ಕೊಳ್ಳಿ."

ಈ ಮಾತನ್ನು ಉರ್ಶುಲೆ ಬಲ್ಚೂನಿಯೆನೆಯ ಮನೆಗೆ ಹೊತ್ತು ತಂದವಳು ಮದುಮಗಳ ತಾಯಿ ಗೆನೊವೈತೆ. ಮದುವೆಗೆ ಇನ್ನು ಮೂರು ವಾರವಿತ್ತು. ಉರ್ಶುಲೆ ಆ ಬೇಸಿಗೆಯಲ್ಲಿ ಮಾಡಿದ ಎರಡು ಸಲದ ಬಿಯರೂ ಹುಳಿಯಾಗಿತ್ತು.

"ಬೇಜಾರ್ ಮಾಡ್ಕೋಬೇಡ ಉರ್ಶುಲಕ್ಕಾ. ಭಾನುವಾರದೊಳಗೆ ಪಟ್ಟಣಕ್ಕೆ ಹೇಳಿ ಕಳಿಸ್ಬೇಕು..."

"ಭಾನುವಾರದವರೆಗೆ ಬಾಯ್ಮುಚ್ಕೊಂಡಿರು," ಎಂದಳು ಉರ್ಶುಲೆ. "ನನ್ನ ಕೈಗೆ ಏನಾಗಿದೆ ಅಂತ ನಾನೇ ಹೇಳ್ತೀನಿ."

ಆ ಊರಿರುವ ಬಿರ್ಝಾಯ್ ಸೀಮೆಯಲ್ಲಿ ಬಿಯರ್ ಮಾಡುವವರು ಗಂಡಸರು. ಉರ್ಶುಲೆಯ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮಗಳಿಗೆ ಹನ್ನೊಂದಾದಾಗ ಅವಳ ಕೈಗೇ ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟು ಕೊಟ್ಟ. ಮುಂದೆ ಅವಳು ಸಾಮೂಹಿಕ ಬೇಸಾಯದ ಕರುಗಳ ಕೊಟ್ಟಿಗೆಯಲ್ಲಿ ಮೂವತ್ತೊಂದು ವರ್ಷ ದುಡಿದಳು. ವರ್ಷಕ್ಕೆ ನಾಲ್ಕು ಸಲ ಸ್ನಾನದ ಮನೆಯ ಹಂಡೆಯಡಿ ಬೆಂಕಿ ಹಚ್ಚಿ, ರೈ ಧಾನ್ಯದ ಹುಲ್ಲಿನ ಮೇಲೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರಸ ಸೋಸಿದಳು. ಆ ರಸವನ್ನು ಹುದುಗಿಸುವ ಅಪ್ಪನ ಯೀಸ್ಟು ತಂಪಾಗಿರಲೆಂದು ಬಾವಿಯೊಳಗೆ, ನೀರಿಗೆ ಒಂದು ಮೊಳ ಮೇಲೆ, ಹಗ್ಗಕ್ಕೆ ಕಟ್ಟಿದ ಜಾಡಿಯಲ್ಲಿ ತೂಗುತ್ತಿತ್ತು. ಒಬ್ಬರ ಯೀಸ್ಟು ಕೆಟ್ಟರೆ ಇನ್ನೊಬ್ಬರ ಮನೆಯಿಂದ ತರುವುದು ಅಲ್ಲಿನ ಪದ್ಧತಿ. ಉರ್ಶುಲೆಯ ಬಾವಿಯಿಂದ ಆರು ಮನೆಗೆ ಹೋಗಿತ್ತು. ಆ ಆರೂ ಮನೆಯವರು ಒಬ್ಬೊಬ್ಬರಾಗಿ ಬಿಯರ್ ಮಾಡುವುದನ್ನೇ ಬಿಟ್ಟರು. ಈಗ ಇದು ಸತ್ತರೆ ಕೇಳಿ ತರಲು ಒಂದು ಮನೆಯೂ ಇರಲಿಲ್ಲ.

ಗೆನೊವೈತೆ ಹೋದ ಮೇಲೆ ಉರ್ಶುಲೆ ಜಾಡಿಯನ್ನು ಮೇಲೆಳೆದು ಮೂಸಿದಳು. ಎಂದಿನಂತೆ ರೊಟ್ಟಿಯ ವಾಸನೆ, ಸೇಬಿನ ವಾಸನೆ. ಮಾಲ್ಟನ್ನು ಹಲ್ಲಲ್ಲಿ ಕಡಿದಳು, ಗರಿಗರಿಯಾಗಿ ಸಿಹಿಯಾಗಿತ್ತು. ಹುಲ್ಲಿಗೆ ಬೂಷ್ಟು ಹಿಡಿದಿರಲಿಲ್ಲ. ಹೋದ ಶರತ್ಕಾಲದಲ್ಲಿ ಇಲ್ಲದ್ದು ಈಗ ಏನಿದೆ ಎಂದು ಯೋಚಿಸಿದಳು. ಬಿಸಿ ರಸ ಆರಿಸುತ್ತಿದ್ದ ಓಕ್ ಮರದ ತೊಟ್ಟಿ ಚಳಿಗೆ ಸೀಳಿತ್ತು. ಅದರ ಬದಲಿಗೆ ಮೈದುನ ಜೆನೊನಾಸ್ ಹಾಲಿನ ಕ್ಯಾನ್ ಎರಡು ಕೊಟ್ಟಿದ್ದ, "ಕುದಿನೀರಲ್ಲಿ ತೊಳೆದಿದೀನಿ ಅತ್ತಿಗೆ" ಎಂದು ಎದೆ ತಟ್ಟಿಕೊಂಡು.

ಕೋಪ ಬಂದಿದ್ದರೂ ಅವಳು ಯಾರ ಮನೆಗೂ ನುಗ್ಗಲಿಲ್ಲ. ಒಂದು ಪಾತ್ರೆಯಷ್ಟು ರಸ ತೆಗೆದಳು. ಸ್ವಲ್ಪವನ್ನು ಕುದಿನೀರಲ್ಲಿ ತೊಳೆದ ಗಾಜಿನ ಜಾಡಿಯಲ್ಲೇ ಆರಿಸಿ ಅಪ್ಪನ ಯೀಸ್ಟು ಹಾಕಿದಳು. ಉಳಿದದ್ದನ್ನು ಜೆನೊನಾಸ್ ಕೊಟ್ಟ ಒಂದು ಕ್ಯಾನಿನಲ್ಲಿ ಮುಚ್ಚಳ ಬಿಗಿದು ಬಾವಿಗೆ ಇಳಿಬಿಟ್ಟು, ಆರಿದ ಮೇಲೆ ಹಾಗೆಯೇ ತೊಳೆದ ಎರಡು ಜಾಡಿಗೆ ಸುರಿದಳು. ಒಂದಕ್ಕೆ ಅಪ್ಪನ ಯೀಸ್ಟು, ಇನ್ನೊಂದಕ್ಕೆ ಅಂಗಡಿಯ ಪೊಟ್ಟಣದ್ದು.

ಐದನೇ ದಿನ ಮೂರು ಜಾಡಿಯನ್ನೂ ಕ್ಯಾನನ್ನೂ ಕೈಗಾಡಿಯಲ್ಲಿಟ್ಟು ಜೆನೊನಾಸ್‌ನ ಮನೆಗೆ ತಳ್ಳಿಕೊಂಡು ಹೋದಳು.

"ಕುಡಿ."

"ಏನತ್ತಿಗೆ, ವಿಷ ಗಿಷ ಹಾಕಿದೀಯಾ?"

"ಹಾಕ್ಬೇಕಿತ್ತು. ಮೊದ್ಲು ಕುಡಿ."

ಜಾಡಿಯಲ್ಲೇ ಆರಿಸಿದ್ದನ್ನು ಕುಡಿದು ಅವನು ತುಟಿ ಒರೆಸಿಕೊಂಡ. "ಇದು ಅಂಗಡಿ ಯೀಸ್ಟಿಂದು ತಾನೆ? ನೋಡು, ನಾನು ಹೇಳ್ಲಿಲ್ವಾ!"

"ಅದು ನಮ್ಮಪ್ಪಂದು. ಇನ್ನೆರಡೂ ಕುಡಿ."

ಎರಡಕ್ಕೂ ಅವನ ಮುಖ ಸೊಟ್ಟಗಾಯಿತು.

"ಒಂದು ನಮ್ಮಪ್ಪಂದು, ಇನ್ನೊಂದು ನೀನು ಹೊಗಳೋ ಅಂಗಡೀದು. ಎರಡೂ ಹುಳಿ. ಎರಡೂ ನಿನ್ನ ಕ್ಯಾನಲ್ಲಿ ಆರಿದ್ದು."

"ಕ್ಯಾನ್ ತೊಳೆದಿದ್ನಲ್ಲ!"

ಉರ್ಶುಲೆ ಮುಚ್ಚಳ ತಿರುಗಿಸಿ, ಅಂಚಿನ ರಬ್ಬರನ್ನು ಚಾಕುವಿನ ತುದಿಯಿಂದ ಕಿತ್ತಳು. ಅದರ ಹಿಂದೆ ಮೊಸರುಗಟ್ಟಿದ ಬೂದುಬಣ್ಣದ ಜಿಡ್ಡು, ಸುತ್ತಲೂ ಬಳೆಯಂತೆ. ವಾಸನೆ ಮೇಜಿನಾಚೆಗೂ ಬಂತು.

"ರಬ್ಬರ್ ಯಾರು ಬಿಚ್ತಾರೆ ಅತ್ತಿಗೆ..."

"ನಾನೂ ಬಿಚ್ಚಲಿಲ್ಲ. ನಿನ್ನ ಮಾತು ನಂಬಿದೆ ನೋಡು, ಅದು ನನ್ನ ತಪ್ಪು. ಆದ್ರೆ ನಾನು ಯಾರ ಕೈನೂ ಕೆಟ್ಟದ್ದು ಅಂತ ಕಟ್ಟೆ ಮೇಲೆ ನಿಂತು ಸಾರಲಿಲ್ಲ."

"ಆಯ್ತು, ಗೆನೊವೈತೆಗೆ ಹೇಳ್ತೀನಿ ಬಿಡು."

"ಅವಳ ಕಿವೀಲಿ ಪಿಸುಗುಡೋದು ಬೇಡ. ಎಲ್ಲಿ ಅಂದ್ಯೋ ಅಲ್ಲೇ ಹೇಳು. ನಾಳೆ ನಾನೂ ಬರ್ತೀನಿ."

ಮರುದಿನ ಲಾರಿ ಇನ್ನೂ ಬಂದಿರಲಿಲ್ಲ. ಹಸು ಮಾರಿ ಎರಡು ವರ್ಷವಾಗಿದ್ದ ಉರ್ಶುಲೆ ಬರಿಗೈಲಿ ಬಂದು ಕಟ್ಟೆಯ ಪಕ್ಕ ನಿಂತಳು. ಜೆನೊನಾಸ್ ಮುಚ್ಚಳ ಹಿಡಿದು, ತನ್ನ ಬೂಟಿಗೆ ಹೇಳುವವನಂತೆ ಗೊಣಗಿದ: "ಯೀಸ್ಟ್ ಸರಿಯಾಗೇ ಇದೆ. ನನ್ನ ಕ್ಯಾನ್ ಕೊಳಕಾಗಿತ್ತು."

"ಹಿಂದೆ ನಿಂತೋರಿಗೆ ಕೇಳ್ಸಿಲ್ಲ," ಎಂದಳು ಉರ್ಶುಲೆ.

ಅವನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಯಾರೋ ನಕ್ಕರು. ಹೆಂಗಸರಿಬ್ಬರು ತಮ್ಮ ಕ್ಯಾನುಗಳ ಮುಚ್ಚಳ ತಿರುಗಿಸಿ ಮೆಲ್ಲಗೆ ರಬ್ಬರು ಮುಟ್ಟಿ ನೋಡಿದರು.

"ಹಾಗಾದ್ರೆ ಪಟ್ಟಣಕ್ಕೆ ಹೇಳಿ ಕಳಿಸೋದು ಬೇಡ್ವಾ ಉರ್ಶುಲಕ್ಕಾ?" ಎಂದಳು ಗೆನೊವೈತೆ.

"ಬೇಡ. ತೊಟ್ಟಿ ಸೀಳು ಮುಚ್ಚೋಕೆ ಒಬ್ಬ ಬಡಗಿ ಬೇಕು. ಜೆನೊನಾಸ್ ಕರ್ಕೊಂಡು ಬರ್ತಾನೆ, ಇವತ್ತೇ."