ಸಾಹೇಬರ ಇಂಗ್ಲಿಷ್ ಚೀಟಿ ಮತ್ತು ಎಂಟು ಅಡ್ಡಹಲಗೆಗಳು

ಕೃಷ್ಣಾ ನದಿಯ ನೀರು ಕಾಲುವೆ ಹಿಡಿದು ನಮ್ಮ ಶಹಾಪುರದ ಕಡೆ ಹರಿಯತೊಡಗಿದ ಎರಡನೇ ವರ್ಷದ ಮಾತಿದು. ಆಗ ನನಗೆ ಇಪ್ಪತ್ತೊಂದು. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಕಾಲುವೆಯ ಒಂದು ಸಣ್ಣ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್ ಆಗಿ ಸೇರಿದ್ದೆ. ನಮ್ಮ ಓಣಿಯಲ್ಲಿ ಕಚೇರಿಯ ಕುರ್ಚಿಯ ಮೇಲೆ ಕುಳಿತ ಮೊದಲ ಹೆಣ್ಣುಮಗಳು ನಾನೇ. ಅವ್ವ ನೀರಿಗೆ ಹೋದಲ್ಲಿ ಸಿಕ್ಕವರಿಗೆಲ್ಲ "ನಮ್ಮ ಭೀಮಾಬಾಯಿ ಇಂಗ್ಲಿಷ್ ಹಾಳಿ ಓದತಾಳ" ಎಂದು ಹೇಳಿಕೊಂಡು ಬರುತ್ತಿದ್ದಳು. ಕೇಳಿ ಕೇಳಿ ನನಗೂ ಸ್ವಲ್ಪ ತಲೆಗೇರಿತ್ತು.

ನಮ್ಮ ಎಂಜಿನಿಯರ್ ಸಾಹೇಬರು ಮಂಗಳೂರು ಕಡೆಯವರು. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಬರೆಯಲು ಕುಳಿತರೆ ಇಂಗ್ಲಿಷೇ. ಆ ಮಳೆಗಾಲದಲ್ಲಿ ಕಾಲುವೆಯ ಕೊನೆಯ ಹಳ್ಳಿಗೆ ಮೂರು ವಾರ ನೀರು ಮುಟ್ಟಿರಲಿಲ್ಲ. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕೆಳಗಿನವರಿಗೆ ಉಳಿಯುವುದು ಕೆಸರು ಮಾತ್ರ. ಆ ಹಳ್ಳಿಯವರು ಒಣಗಿದ ಭತ್ತದ ಸಸಿಗಳನ್ನು ತಂದು ನನ್ನ ಮೇಜಿನ ಮೇಲೇ ಇಟ್ಟು ಹೋಗಿದ್ದರು.

ಮರುದಿನ ಸಾಹೇಬರು ನಾರಾಯಣಪುರಕ್ಕೆ ಮೀಟಿಂಗಿಗೆ ಹೋಗಿದ್ದರು. ಓವರ್‌ಸಿಯರ್ ರಜೆಯಲ್ಲಿದ್ದರು. ಹತ್ತೂವರೆ ಗಂಟೆಗೆ ಜೀಪಿನ ಡ್ರೈವರ್ ಬಂದು ಒಂದು ಚೀಟಿ ಕೊಟ್ಟು ಹಾಗೇ ತಿರುಗಿ ಹೋದ. ಓವರ್‌ಸಿಯರ್ ಹೆಸರಿಗೆ ಸಾಹೇಬರು ಬರೆದ ಚೀಟಿ. ಕೊನೆಯ ಹಳ್ಳಿಯವರು ಕಾದದ್ದು ಸಾಕು, ನಾಳೆ ಸಂಜೆಯೊಳಗೆ ಅವರಿಗೆ ನೀರು ಮುಟ್ಟಬೇಕು ಎಂದಿತ್ತು. ನಡುವೆ ಒಂದು ಸಣ್ಣ ವಾಕ್ಯ: "ಪುಲ್ ಔಟ್ ಆಲ್ ದ ಸ್ಟಾಪ್ಸ್."

ಕಾಲುವೆಗೆ ಅಡ್ಡಲಾಗಿ ಕಟ್ಟಿದ ಗೇಟಿನಲ್ಲಿ ಎಂಟು ದಪ್ಪ ಮರದ ಹಲಗೆಗಳಿದ್ದವು. ಒಂದರ ಮೇಲೊಂದು ಇಳಿಸಿ ನೀರನ್ನು ತಡೆಯುವ ಆ ಹಲಗೆಗಳನ್ನು ಕಚೇರಿಯ ಕಾಗದಗಳಲ್ಲಿ 'ಸ್ಟಾಪ್' ಎಂದೇ ಬರೆಯುತ್ತಿದ್ದರು. ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೆ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಗೇಟು ನೋಡಿಕೊಳ್ಳುವ ಸಾಬಣ್ಣ ಕಾಕಾನನ್ನು ಕರೆಸಿ ಹೇಳಿದೆ.

"ಕಾಕಾ, ಸಾಹೇಬ್ರು ಹಲಗಿ ಎಲ್ಲಾ ತಗೀರಿ ಅಂತ ಬರದಾರ."

ಕಾಕಾ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಎಂಟೂ? ಎಂಟೂ ತಗದ್ರ ನೀರು ಒಮ್ಮಿಗೇ ನುಗ್ಗತದ ತಂಗಿ. ಕೆಳಗಿನ ಒಡ್ಡು ಇನ್ನಾ ಹಸಿ ಅದ. ಸಾಹೇಬ್ರು ಹಂಗ ಬರಿಯೋರಲ್ಲ. ಇನ್ನೊಂದ್ಸಲ ಓದು ನೋಡೂಣು."

ನಾನು ಓದಲಿಲ್ಲ. "ಇಂಗ್ಲಿಷ್ ನಿಮಗ ತಿಳೀತದೋ, ನನಗ ತಿಳೀತದೋ?" ಅಂದುಬಿಟ್ಟೆ. ಅಪ್ಪನ ವಯಸ್ಸಿನ ಮನುಷ್ಯ. ರುಮಾಲು ಮತ್ತೆ ಸುತ್ತಿಕೊಂಡು ಸೈಕಲ್ ಹತ್ತಿ ಹೋದ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಯಾರೋ ಕೂಗುತ್ತಾ ಬಂದರು. ಕೆನಾಲ್ ಒಡೆದಿದೆ, ಒಡ್ಡಿನ ಕೆಳಗಿರುವ ನಾಗಮ್ಮ ಎಂಬವಳ ಹೊಲಕ್ಕೆ ನೀರು ನುಗ್ಗಿದೆ ಎಂದರು. ಒಂದು ಎತ್ತಿನ ಬಂಡಿ ಹತ್ತಿ, ಅರ್ಧ ದಾರಿಯಿಂದ ಓಡಿ ಹೋದೆ.

ಒಡ್ಡಿನಲ್ಲಿ ಒಂದಾಳು ಮಲಗುವಷ್ಟು ಅಗಲದ ಕಂಡಿ. ಕೆಂಪು ನೀರು ಸದ್ದು ಮಾಡುತ್ತಾ ಇಳಿಯುತ್ತಿತ್ತು. ನಾಗಮ್ಮನ ಸಸಿಮಡಿ ಇದ್ದ ಗುರುತೇ ಇರಲಿಲ್ಲ. ಅವರದು ಕುರಿ ಸಾಕುವ ಮನೆ. ಮುಳ್ಳಿನ ಹಟ್ಟಿಯಲ್ಲಿ ಹದಿನೈದು ದಿನದ ಮರಿಗಳನ್ನು ಬಿಟ್ಟು ಗಂಡ ದೊಡ್ಡ ಹಿಂಡು ಹೊಡೆದುಕೊಂಡು ದೂರ ಹೋಗಿದ್ದ. ನಾಗಮ್ಮ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಎರಡೆರಡೇ ಮರಿಗಳನ್ನು ಎತ್ತಿ ದಿಬ್ಬಕ್ಕೆ ಸಾಗಿಸುತ್ತಿದ್ದಳು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ನಾನು ಯಾರೆಂದು ಅವಳು ಕೇಳಲಿಲ್ಲ. "ಹಿಂದಿನ ಮೂಲ್ಯಾಗ ಇನ್ನಾ ಮೂರು ಅದಾವ, ಲಗೂನ ಹಿಡಿಯವ್ವಾ!" ಎಂದಳು. ಆ ಮೂರನ್ನು ಎದೆಗವಚಿಕೊಂಡು ಬಂದಾಗ ಎದೆ ಬಡಿತ ಕೇಳಿಸುತ್ತಿತ್ತು, ನನ್ನದೋ ಅವುಗಳದೋ ತಿಳಿಯದ ಹಾಗೆ. ಹನ್ನೊಂದು ಮರಿಗಳೂ ಉಳಿದವು.

ಅಷ್ಟರಲ್ಲಿ ಸಾಬಣ್ಣ ಕಾಕಾ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಗೇಟಿನ ಕಡೆ ಹೋಗಿ, ಹಗ್ಗ ಹಾಕಿ ಹಲಗೆಗಳನ್ನು ಒಂದೊಂದಾಗಿ ಮತ್ತೆ ಇಳಿಸಿದ್ದ. ಹೊತ್ತು ಮುಳುಗುವುದರೊಳಗೆ ಮರಳಿನ ಚೀಲ ಒತ್ತಿ ಒಡ್ಡು ಮುಚ್ಚಿದರು. ಆಮೇಲೆ ಶುರುವಾಯಿತು ಬೈಗುಳ. "ಹಲಗಿ ತಗೀ ಅಂತ ನಿನಗ ಯಾರು ಹೇಳಿದ್ರು?" ಎಂದು ಜನ ಕಾಕಾನನ್ನು ಸುತ್ತಿಕೊಂಡರು.

"ನಾನೇ ತಗದೀನಿ," ಎಂದ ಕಾಕಾ. ತೆಗೆದ ಕೈ ಅವನದೇ ನಿಜ. ಹೇಳಿದ ಬಾಯಿ ನನ್ನದು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಜನ ಚದುರಿದ ಮೇಲೆ ಅವನ ಹತ್ತಿರ ಹೋಗಿ ಅಳತೊಡಗಿದೆ. ಅವನು ಮೆಲ್ಲಗೆ ಹೇಳಿದ: "ನಿಂದು ಹಂಗಾಮಿ ನೌಕರಿ, ತಂಗಿ. ನಂದು ಕಾಯಂ. ನನಗ ಬೈತಾರ, ಅಷ್ಟೇ. ನಿನಗ ಮನಿಗೆ ಕಳಿಸಿಬಿಡ್ತಾರ. ಸುಮ್ನಿರು."

ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ನನ್ನ ಇಂಗ್ಲಿಷಿನ ಬಗ್ಗೆ ಅಷ್ಟು ಹೇಳಿಕೊಂಡು ತಿರುಗುತ್ತಿದ್ದ ಅವ್ವ ಒಂದೇ ಮಾತು ಅಂದಳು: "ನೌಕರಿ ಹೋದ್ರ ಹೋಗ್ಲಿ. ಆ ಮನಷ್ಯಾನ ಮಾನ ಹೋಗಬಾರದು."

ಮರುದಿನ ಬೆಳಿಗ್ಗೆ ಸಾಹೇಬರು ನೇರವಾಗಿ ಒಡ್ಡಿನ ಹತ್ತಿರ ಬಂದರು. ಹಿಂದಿನ ದಿನದ ಜನರೆಲ್ಲ ಸೇರಿದ್ದರು. ಕಾಕಾ ಕೈಕಟ್ಟಿ ನಿಂತಿದ್ದ. ಅವರು ಏನಾದರೂ ಕೇಳುವ ಮೊದಲೇ ನಾನು ಮುಂದೆ ಹೋಗಿ, "ತಪ್ಪು ನಂದು ಸರ್, ಚೀಟಿ ಓದಿ ಹೇಳಿದಾಕಿ ನಾನು," ಎಂದು ಚೀಟಿ ಕೊಟ್ಟೆ. ಅವರು ತಮ್ಮದೇ ಅಕ್ಷರವನ್ನು ಎರಡು ಸಲ ಓದಿದರು. ಹಲಗೆಗಳ ಕಡೆ ನೋಡಿದರು. ಹಣೆಗೆ ಕೈ ಹಚ್ಚಿಕೊಂಡು ಒಡ್ಡಿನ ಮೇಲೆಯೇ ಕುಳಿತುಬಿಟ್ಟರು.

"ಇಲ್ಲಿ ಯಾರ ಮನೆಯಲ್ಲಾದರೂ ಹಾರ್ಮೋನಿಯಂ ಇದೆಯೇ?" ಎಂದು ಕೇಳಿದರು.

ನಮಗೆಲ್ಲ ಗಾಬರಿ. ನಾಗಮ್ಮನೇ, "ನಮ್ಮ ಮನ್ಯಾಗ ಅದರಿ. ನಮ್ಮನಿಯವರು ತಿಂಥಣಿಗೆ ಭಜನಿಗೆ ಒಯ್ತಾರ," ಎಂದು ತಂದಿಟ್ಟಳು. ಸಾಹೇಬರು ಅದರ ಮುಂಭಾಗದ ಗುಂಡಿಗಳಲ್ಲಿ ಒಂದನ್ನಷ್ಟೇ ಎಳೆದು ಬಾರಿಸಿದರು. ಸಣ್ಣ ದನಿ ಬಂತು. ಎಲ್ಲ ಗುಂಡಿಗಳನ್ನೂ ಎಳೆದರು. ದನಿ ಇಡೀ ಹೊಲ ತುಂಬಿತು.

"ಈ ಗುಂಡಿಗಳಿಗೂ ಇಂಗ್ಲಿಷಿನಲ್ಲಿ ಸ್ಟಾಪ್ ಅಂತಲೇ ಹೆಸರು. ನಮ್ಮ ತಂದೆ ಚರ್ಚಿನಲ್ಲಿ ಇದರ ದೊಡ್ಡಣ್ಣ, ಆರ್ಗನ್ ಬಾರಿಸುತ್ತಿದ್ದರು. ಅದರಲ್ಲಿ ಎಲ್ಲ ಸ್ಟಾಪ್ ಎಳೆದರೆ ವಾದ್ಯ ತನ್ನಲ್ಲಿರುವ ಪೂರ್ತಿ ಶಕ್ತಿಯಿಂದ ನುಡಿಯುತ್ತದೆ. ಅದರಿಂದ ಹುಟ್ಟಿದ ಮಾತು. ಏನೂ ಉಳಿಸಿಕೊಳ್ಳದೆ ಪ್ರಯತ್ನ ಮಾಡಿ ಅಂತ ನಾನು ಬರೆದದ್ದು. ಹಲಗೆ ನಡುವೆ ಕೆಲಸ ಮಾಡುವವರಿಗೆ ಹಾಗೆ ಬರೆದದ್ದು ನನ್ನ ತಪ್ಪು."

ಸಾಬಣ್ಣ ಕಾಕಾ ಗದ್ದ ಕೆರೆದುಕೊಂಡ. "ಅಂದ್ರ ಸಾಹೇಬ್ರು ಜೋರಾಗಿ ಬಾರಸ್ರಿ ಅಂದಿದ್ರು, ನಾವು ಕೆನಾಲ್ ಬಾರಿಸಿಬಿಟ್ವಿ!"

ಮೊದಲು ನಕ್ಕವಳು ನಾಗಮ್ಮ. ಸಸಿ ಕಳೆದುಕೊಂಡವಳೇ ನಕ್ಕ ಮೇಲೆ ಉಳಿದವರ ಸಿಟ್ಟೂ ಇಳಿಯಿತು. ಸಾಹೇಬರು ಗುಂಪಿನಲ್ಲಿದ್ದ ಮೇಲಿನ ಹಳ್ಳಿಗಳವರಿಗೆ ಕೈಮುಗಿದು, ಎರಡು ದಿನ ತಮ್ಮ ತೂಬು ಮುಚ್ಚಿಕೊಳ್ಳಬೇಕೆಂದು ಕೇಳಿಕೊಂಡರು. ಗೊಣಗಿದರೂ ಒಪ್ಪಿದರು. ಮೂರನೆಯ ದಿನ ಕೊನೆಯ ಹಳ್ಳಿಗೆ ನೀರು ಮುಟ್ಟಿತು. ಮೇಲಿನವರು ತಮ್ಮಲ್ಲಿ ಹೆಚ್ಚಾದ ಸಸಿಗಳನ್ನು ನಾಗಮ್ಮನಿಗೆ ಕೊಟ್ಟರು. ರವಿವಾರ ನಾನೂ ಅವ್ವನೂ ಹೋಗಿ ಅವಳ ಗದ್ದೆಯಲ್ಲಿ ನಾಟಿ ಮಾಡಿ ಬಂದೆವು.

ನನ್ನ ನೌಕರಿ ಹೋಗಲಿಲ್ಲ. ಅಂದಿನಿಂದ ಗೇಟಿನ ಆದೇಶಗಳೆಲ್ಲ ಕನ್ನಡದಲ್ಲಿ ಹೊರಟವು. ಶನಿವಾರ ಮಧ್ಯಾಹ್ನ ಚಹಾ ಕುಡಿಯುವಾಗ ಸಾಹೇಬರು ಒಂದೊಂದು ಇಂಗ್ಲಿಷ್ ನುಡಿಗಟ್ಟಿನ ಹುಟ್ಟು ಹೇಳುತ್ತಿದ್ದರು. ನಾನು ದಿನಾ ಕಡತಗಳಿಗೆ ಸುತ್ತುತ್ತಿದ್ದ ಕೆಂಪು ದಾರದಿಂದಲೇ ಸರ್ಕಾರದ ವಿಳಂಬಕ್ಕೆ 'ರೆಡ್ ಟೇಪ್' ಎಂಬ ಹೆಸರು ಬಂದದ್ದು ಹೀಗೆ ತಿಳಿಯಿತು. ಹಾಯಿಹಡಗಿನ ಹೊಸ ಆಳು ಯಾವ ಹಗ್ಗ ಯಾವ ಹಾಯಿಯದೆಂದು ಕಲಿಯುವುದರಿಂದ, ಕೆಲಸ ಕಲಿಯುವುದಕ್ಕೆ 'ಲರ್ನಿಂಗ್ ದ ರೋಪ್ಸ್' ಎನ್ನುತ್ತಾರಂತೆ. ಸಮುದ್ರಯುದ್ಧದಲ್ಲಿ ಹಿಂದೆ ಸರಿ ಎಂಬ ಸಂಕೇತ ಬಂದಾಗ ಒಬ್ಬ ಅಧಿಕಾರಿ ದುರ್ಬೀನನ್ನು ತನ್ನ ಕುರುಡು ಕಣ್ಣಿಗೆ ಹಿಡಿದು 'ನನಗೇನೂ ಕಾಣಿಸುತ್ತಿಲ್ಲ' ಎಂದನಂತೆ. 'ಟರ್ನಿಂಗ್ ಎ ಬ್ಲೈಂಡ್ ಐ' ಎಂಬ ಮಾತಿನ ಹಿಂದೆ ಹೇಳುವ ಕಥೆ ಅದು. ಅದನ್ನು ಕೇಳಿ ಸಾಬಣ್ಣ ಕಾಕಾ, "ಮ್ಯಾಲಿನ ಹೊಲದವರು ಕೆಳಗಿನವರ ಕಡಿ ನೋಡೂದು ಅದೇ ಕಣ್ಣೀಲೆ," ಎಂದಿದ್ದ.

ಆ ಶನಿವಾರಗಳು ನನ್ನನ್ನು ಮತ್ತೆ ಓದಿಗೆ ಹಚ್ಚಿದವು. ಬಿ.ಎ., ಬಿ.ಎಡ್. ಮುಗಿಸಿ ಸುರಪುರದ ಹತ್ತಿರ ಇಂಗ್ಲಿಷ್ ಶಿಕ್ಷಕಿಯಾದೆ. ಈಗ ರಂಗಂಪೇಟೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಿವೃತ್ತಿಗೆ ಇನ್ನು ಕೆಲವೇ ದಿನಗಳಿವೆ.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದು, "ಟೀಚರ್, ಈ ಸಾಲಿನ ಅರ್ಥ ಏನ್ರಿ?" ಎಂದಳು. ಪದಗಳೆಲ್ಲ ನನಗೆ ಗೊತ್ತಿದ್ದವು. ಕೂಡಿಸಿದರೆ ಏನಾಗುತ್ತದೆಂಬುದು ಗೊತ್ತಿರಲಿಲ್ಲ.

"ನನಗ ಗೊತ್ತಿಲ್ಲವ್ವಾ. ಬಾ, ಇಬ್ಬರೂ ಕೂಡಿ ಹುಡುಕೂಣು," ಎಂದೆ.

ಹುಡುಗಿ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತಳು.