ಕಾಕು ಕಟ್ಟಿದ ಮಾತಿನ ಡಬ್ಬಿ

ಕಳೆದ ವಾರ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಬೆಸುಗೆ ಹಾಕುವುದನ್ನು ತೋರಿಸುತ್ತಿದ್ದೆ. ಕಾದ ಕಡ್ಡಿಯ ತುದಿಗೆ ಸೀಸದ ತಂತಿ ತಾಗಿದ ಕೂಡಲೇ ಸಣ್ಣಗೆ ಹೊಗೆ ಎದ್ದು ರಾಳದ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಮಕ್ಕಳು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಸಿಂದಗಿಯ ನಮ್ಮ ಪಕ್ಕದ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು... ಒಳಗೆ ಹಂಚಿನ ಮೇಲೆ ಜೋಳದ ರೊಟ್ಟಿ, ಹೊರಗೆ ಸ್ಟೂಲಿನ ಮೇಲೆ ಬೆಸುಗೆಯ ಕಡ್ಡಿ. ಎರಡನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಅವರನ್ನು ನಾನು ಕಾಕು ಎಂದು ಕರೆಯುತ್ತಿದ್ದೆ.

ಕಾಕು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎತ್ತರದ ಹೆಂಗಸು, ಗಟ್ಟಿ ದನಿ. ಬೈಯದೆ ಮಾತು ಶುರುಮಾಡಿದ್ದನ್ನು ನಾನು ಕಂಡಿಲ್ಲ. ಕೆಟ್ಟ ಮಿಕ್ಸರನ್ನೂ ಬೈಯುತ್ತಿದ್ದರು, ತಡವಾಗಿ ಬಂದ ನಲ್ಲಿ ನೀರನ್ನೂ ಬೈಯುತ್ತಿದ್ದರು, ಬೈಯುತ್ತಲೇ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಅವರ ಯಜಮಾನರು, ಅಂದರೆ ಕಾಕಾ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಹೇಳುತ್ತಿದ್ದವರು. ಆಲಮೇಲ, ತಾಂಬಾ, ಇಂಡಿ ಎಂದು ಊರುಗಳ ಹೆಸರನ್ನು ಅವರು ಎಳೆದು ಹೇಳುತ್ತಿದ್ದ ರೀತಿ ಊರಿನ ಅರ್ಧ ಜನಕ್ಕೆ ಬಾಯಿಪಾಠವಾಗಿತ್ತು.

ಅಂಥ ಕಾಕಾನಿಗೆ ಲಕ್ವಾ ಹೊಡೆದು ಮಾತು ಹೋಯಿತು. ಕೈಕಾಲು ನಿಧಾನವಾಗಿ ಹಿಡಿತಕ್ಕೆ ಬಂದವು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಆದರೆ ಹೇಳಬೇಕಾದ ಶಬ್ದ ಬಾಯಿಯವರೆಗೆ ಬಂದು ನಿಂತುಬಿಡುತ್ತಿತ್ತು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅದು. ಎಲ್ಲರೂ ಅವರ ಬದಲಿಗೆ ಊಹಿಸಿ ಹೇಳುತ್ತಿದ್ದರು. ನೀರು ಬೇಕೇ, ಫ್ಯಾನ್ ಹಚ್ಚಲೇ, ಮಲಗುತ್ತೀರಾ ಎಂದು. ಅವರು ಸಿಟ್ಟಿನಿಂದ ತಲೆ ಅಲ್ಲಾಡಿಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ಒಂದು ಭಾನುವಾರ ಕಾಕು ನನ್ನನ್ನು ಕರೆದರು. ಸ್ಟೂಲಿನ ಮೇಲೆ ಅಂಗೈಯಗಲದ ಒಂದು ಹಸಿರು ಬೋರ್ಡ್ ಇತ್ತು. ನಮ್ಮ ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ಬಳಸುವಂಥದ್ದು. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಆದರೂ ಅದು ಪೂರ್ತಿ ಕಂಪ್ಯೂಟರೇ.

"ತಂಗಿ, ಇದಕ್ಕ ಬಟನ್ ಹಚ್ಚಿ ಮಾತಾಡ್ಸಬೇಕಂತ ಮಾಡೇನಿ" ಎಂದರು. "ಬಟನ್ ಒತ್ತಿದ್ರ ಚಾ ಬೇಕು ಅನ್ನಬೇಕು, ನೀರು ಬೇಕು ಅನ್ನಬೇಕು. ನೀ ಪ್ರೋಗ್ರಾಮ್ ಬರಿ. ವೈರಿನ ಕೆಲಸ ನಾ ನೋಡ್ಕೋತೇನಿ."

"ಯಾರ ದನಿ ಹಾಕೋಣ್ರಿ ಕಾಕು? ನಿಮ್ದಾ?"

"ನನ್ನ ದನಿ ಯಾಕ? ಅವರದ ಐತೆಲ್ಲ."

ಕಾಕಾ ಹುಷಾರಿದ್ದಾಗ ವಾಟ್ಸಪ್ಪಿನಲ್ಲಿ ಬರೆಯುವುದು ಬೇಸರವೆಂದು ಎಲ್ಲವನ್ನೂ ದನಿಯಲ್ಲೇ ಕಳಿಸುತ್ತಿದ್ದರು. ಚಾ ಇಡು, ಬಂದೆ. ಊಟ ಆತೇನು. ಏ, ಕೇಳಾಕತ್ತೀಯೇನ. ಮೊಮ್ಮಗಳಿಗೆಂದು ಮಾಡಿದ ತಮಾಷೆಯ ಬಸ್ ಕೂಗು. ಅವನ್ನೆಲ್ಲ ಕೇಳಿ, ಕತ್ತರಿಸಿ, ಒಂದೊಂದು ಬಟನ್ನಿಗೆ ಒಂದೊಂದು ಜೋಡಿಸಿದೆ. ಕೇಳುವಾಗ ಕಾಕು ಪಕ್ಕದಲ್ಲಿ ಕೂರಲಿಲ್ಲ. ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಕಾಕು ಬಟನ್ನುಗಳನ್ನೂ ಸಣ್ಣ ಸ್ಪೀಕರನ್ನೂ ಬೆಸೆದು, ಖಾಲಿ ಪೇಡೆ ಡಬ್ಬಿಯೊಳಗೆ ಕೂರಿಸಿದರು. ಡಬ್ಬಿಯನ್ನು ಕಾಕಾನ ತೊಡೆಯ ಮೇಲಿಟ್ಟಾಗ ಮನೆಯವರೂ ನಾನೂ ಸುತ್ತ ನಿಂತಿದ್ದೆವು. ಅವರು ಕಪ್ಪಿನ ಚಿತ್ರವಿದ್ದ ಬಟನ್ ಒತ್ತಿದರು.

"ಚಾ..." ಎಂದಿತು ಡಬ್ಬಿ. ಅಷ್ಟಕ್ಕೇ ನಿಂತಿತು.

ಸ್ವಲ್ಪ ಹೊತ್ತು ಕಾದು ಮತ್ತೆ ಒತ್ತಿದರು. "ಚಾ..." ಮತ್ತೆ ಮೌನ. ಕಾಕಾ ಡಬ್ಬಿಯನ್ನು ನೋಡಿದರು, ಕಾಕುವನ್ನು ನೋಡಿದರು. ಅದನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವರ ಬಾಯಲ್ಲಿ ನಿಲ್ಲುವಂತೆಯೇ ಡಬ್ಬಿಯಲ್ಲೂ ಮಾತು ಅರ್ಧಕ್ಕೆ ನಿಂತಿತ್ತು.

ಕಾಕು ಅಂದು ಯಾರನ್ನೂ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಡಬ್ಬಿ ಎತ್ತಿಕೊಂಡು ಪಡಸಾಲೆಗೆ ಬಂದು, "ಅವರ ಮಾತು ಅರ್ಧಕ್ಕ ನಿಂತದ್ದ ಸಾಕು ತಂಗಿ. ಇದರದೂ ನಿಲ್ಲಬಾರ್ದು" ಎಂದರು.

ಮೊದಲು ಮೆಮೊರಿ ಕಾರ್ಡಿನ ಮೇಲೆ ಅನುಮಾನ ಪಟ್ಟೆವು. ಹೊಸ ಕಾರ್ಡಿಗೆ ಎಲ್ಲವನ್ನೂ ಮತ್ತೆ ಬರೆದೆ. ಅದೇ ಕತೆ. ಪರದೆಯಿಲ್ಲದ ಬೋರ್ಡಿನೊಳಗೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಅದರ ಸೀರಿಯಲ್ ಪಿನ್ನುಗಳಿಗೆ ತಂತಿ ಹಚ್ಚಿ, ಅದು ಹೇಳುವುದನ್ನು ಲ್ಯಾಪ್‌ಟಾಪಿನಲ್ಲಿ ಓದಬೇಕು. ಮುಂದಿನ ಭಾನುವಾರ ಅದಕ್ಕೆ ಬೇಕಾದ ಸಣ್ಣ ಅಡಾಪ್ಟರ್ ತಂದೆ. ತಂತಿಗಳನ್ನು ಜೋಡಿಸಿದೆ. ಒಂದಕ್ಷರವೂ ಬರಲಿಲ್ಲ.

ಕಾಕು ಬಗ್ಗಿ ನೋಡಿದರು. "ಇದರ ಬಾಯಿ ಅದರ ಬಾಯಿಗೆ ಹಚ್ಚೀಯಲ್ಲ, ಕೇಳೋರು ಯಾರು? ಇದರ ಬಾಯಿ ಅದರ ಕಿವಿಗೆ ಹೋಗಬೇಕು."

ಕಳಿಸುವ ಪಿನ್ನಿನ ತಂತಿಯನ್ನು ಕೇಳುವ ಪಿನ್ನಿಗೆ ಬದಲಾಯಿಸಿದೆ. ಈಗ ಪರದೆ ತುಂಬ ಚಿತ್ರವಿಚಿತ್ರ ಗುರುತುಗಳು ಸುರಿದವು. ಇದಾವ ಭಾಷೆ ಎಂದು ಕಾಕು ಕೇಳಿದರು. ಎರಡೂ ಕಡೆ ಅಕ್ಷರ ಸಾಗುವ ವೇಗ ಹೊಂದದಿದ್ದರೆ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಲ್ಯಾಪ್‌ಟಾಪಿನ ಕಡೆಯ ವೇಗವನ್ನು ಬೋರ್ಡಿನದಕ್ಕೆ ಸರಿಮಾಡಿದೆ. ಸಾಲು ಸಾಲಾಗಿ ಓದಬಲ್ಲ ಅಕ್ಷರಗಳು ಇಳಿಯತೊಡಗಿದವು. ಬೋರ್ಡ್ ಏಳುತ್ತಿತ್ತು, ಕಾರ್ಡ್ ಓದುತ್ತಿತ್ತು, ಕೊನೆಗೆ ಸಿದ್ಧ ಎನ್ನುತ್ತಿತ್ತು. ಕಾಕು ಬಟನ್ ಒತ್ತಿದರು. "ಚಾ..." ಸಾಲುಗಳು ನಿಂತವು. ಮರುಕ್ಷಣ ಮೊದಲ ಸಾಲಿನಿಂದ ಮತ್ತೆ ಶುರುವಾದವು.

"ಕಾಕು, ಇದು ಸುಮ್ಮನಾಗ್ತಾ ಇಲ್ರಿ. ಮಾತಾಡಾಕ ಹೋಗಿ ಸುಸ್ತಾಗಿ ಬೀಳತೈತಿ. ಬಿದ್ದು ಮತ್ತ ಏಳತೈತಿ."

ಕಾಕು ಆಗಲೇ ಮೀಟರ್ ಹಿಡಿದಿದ್ದರು. ಚಾರ್ಜರಿನ ಹತ್ತಿರ ವೋಲ್ಟೇಜ್ ಸರಿಯಾಗಿತ್ತು. ಬೋರ್ಡಿನ ಪಿನ್ನಿನಲ್ಲಿ, ಸ್ಪೀಕರ್ ದನಿ ತೆಗೆದ ಕೂಡಲೇ, ಮುಳ್ಳು ಕೆಳಗೆ ಕುಸಿಯಿತು. ನಡುವೆ ಇದ್ದದ್ದು ಮೊಮ್ಮಗಳ ಹಳೆಯ ಫೋನಿನ ಉದ್ದನೆಯ ತೆಳು ಕೇಬಲ್. ಕಾಕಾನ ಕುರ್ಚಿಯವರೆಗೆ ಮುಟ್ಟಲೆಂದು ಕಾಕುವೇ ಆರಿಸಿದ್ದು. ಸ್ಪೀಕರಿಗೂ ಬೋರ್ಡಿಗೂ ಒಟ್ಟಿಗೆ ಸಾಲುವಷ್ಟು ಕರೆಂಟ್ ಅದರಲ್ಲಿ ಹರಿಯುತ್ತಿರಲಿಲ್ಲ.

"ನಾನ ಹಚ್ಚಿದ್ನೆಲ್ಲ ಇದನ್ನ" ಎಂದು ತಮ್ಮನ್ನು ತಾವೇ ಬೈದುಕೊಂಡರು. ಅವರು ಮತ್ತೆ ಬೈಯತೊಡಗಿದ್ದು ಕೇಳಿ ನನಗೆ ಸಮಾಧಾನವಾಯಿತು. ಗಿಡ್ಡದೂ ದಪ್ಪದೂ ಆದ ಕೇಬಲ್ ಹಾಕಿದರು. ಸ್ಪೀಕರಿಗೆ ಬೇರೆ ಚಾರ್ಜರ್ ಕೊಟ್ಟು, ಎರಡರ ಗ್ರೌಂಡ್ ತಂತಿಗಳನ್ನು ಒಂದುಗೂಡಿಸಿದರು. ಪ್ಲಗ್ ಇದ್ದ ಗೋಡೆಯ ಹತ್ತಿರಕ್ಕೆ ಕಾಕಾನ ಕುರ್ಚಿಯನ್ನೇ ಸರಿಸಿದರು.

ಕಾಕಾ ಡಬ್ಬಿಯನ್ನು ಮುಟ್ಟಲು ಒಪ್ಪಲಿಲ್ಲ. ಕಾಕು ಒತ್ತಾಯಿಸಲಿಲ್ಲ. ಅವರ ಕೈಗೆ ಸಿಗುವಂತೆ ಇಟ್ಟು, ರೊಟ್ಟಿ ಬಡಿಯಲು ಒಳಗೆ ಹೋದರು. ನಾನು ಲ್ಯಾಪ್‌ಟಾಪ್ ಮಡಚಿಡುತ್ತಿದ್ದೆ. ಆಗ ಆ ಹಳೆಯ ಎಳೆದ ದನಿ ಪಡಸಾಲೆಯಲ್ಲಿ ಕೇಳಿಸಿತು.

"ಏ, ಕೇಳಾಕತ್ತೀಯೇನ?"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದಿನ ನಡುವೆಯೇ ಉತ್ತರ ಬಂತು. "ಕೇಳಾಕತ್ತೇನಿ, ಹೇಳ್ರಿ."

ಸದ್ದು ನಿಂತಿತು. ಕಾಕು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಕಾಕಾ ಅವರನ್ನು ನೋಡುತ್ತ ಕಪ್ಪಿನ ಬಟನ್ ಒತ್ತಿದರು. ಡಬ್ಬಿ ಪೂರ್ತಿ ಮಾತಾಡಿತು. ಕಾಕು ಒಳಗೆ ಹೋಗಿ ಚಾ ಇಟ್ಟರು. ಅವತ್ತಿನ ಚಾದಲ್ಲಿ ಸಕ್ಕರೆಯೇ ಇರಲಿಲ್ಲ. ಮೂವರೂ ಕುಡಿದೆವು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಬಸ್ ಕೂಗಿನ ಬಟನ್ ಮೊಮ್ಮಕ್ಕಳ ಪಾಲಾಯಿತು. ಓಣಿಯಲ್ಲಿ ಹೋಗುವವರು, ಬಸವನ ಬಾಗೇವಾಡಿಯ ಬಸ್ಸು ಇಲ್ಲೇಕೆ ಬಂತು ಎಂದು ನಿಂತು ನಗುತ್ತಿದ್ದರು. ಡಬ್ಬಿಯ ಜೊತೆ ಬಾಯಿ ಆಡಿಸಿದರೆ ಒಳ್ಳೆಯದು ಎಂದು ಡಾಕ್ಟರರು ಹೇಳಿದ್ದೇ ತಡ, ಕಾಕು ಕಠಿಣವಾದರು. "ಬರೇ ಒತ್ತಿದ್ರ ಚಾ ಸಿಗೂದಿಲ್ಲ. ಜೋಡಿ ನೀವೂ ಅನ್ನಬೇಕು." ಕಾಕಾ ತುಟಿ ಆಡಿಸಿದರು, ದನಿ ಹೊರಡಿಸಿದರು. ಒಂದು ಮುಂಜಾನೆ ಡಬ್ಬಿಯ ಕಡೆ ನೋಡದೆಯೇ "ಚಾ" ಎಂದರಂತೆ. ಕಾಕು ಕಂಪೌಂಡಿನ ಮೇಲಿಂದ ನನಗೆ ಆ ಸುದ್ದಿ ಹೇಳಿದ ದನಿ ಓಣಿಯ ಕೊನೆಯವರೆಗೂ ಕೇಳಿಸಿರಬೇಕು...

ಒಂದು ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಕಾಕು ಏಳಲಿಲ್ಲ. ಅಷ್ಟರಲ್ಲಿ ನನಗೆ ಇಂಡಿಗೆ ವರ್ಗವಾಗಿತ್ತು. ಕೊನೆಗೆ ಮಾತಾಡಿದ್ದು ಫೋನಿನಲ್ಲಿ, ಅದೂ ಯಾವುದೋ ಚಾರ್ಜರಿನ ವಿಷಯ.

ಮೊನ್ನೆ ಸಿಂದಗಿಗೆ ಹೋದಾಗ ಕಾಕಾನನ್ನು ಕಂಡುಬಂದೆ. ಸೊಸೆ ಚಾ ತಂದಿಟ್ಟಳು. ಸಾಲೋಟಗಿಯ ಒಬ್ಬರ ಮನೆಗೆ ಇಂಥದೇ ಡಬ್ಬಿ ಮಾಡುತ್ತಿದ್ದೇನೆ, ಅದು ಚಾಲೂ ಆಗದೆ ಸತಾಯಿಸುತ್ತಿದೆ ಎಂದು ನಾನು ದೂರಿದೆ. ಕಾಕಾ ಏನೋ ಹೇಳಲು ಹೊರಟರು. ಶಬ್ದಗಳನ್ನು ಹುಡುಕುತ್ತ ಬಹಳ ಹೊತ್ತು ಕೂತರು. ಸೊಸೆ ಊಹಿಸಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಕಾದೆವು.

"ಆಕಿ... ಇದ್ದಿದ್ರ... ನಿನಗ... ಬೈತಿದ್ಲು" ಎಂದರು.

"ಹೌದ್ರಿ ಕಾಕಾ" ಎಂದೆ. ಕಾಕಾ ನಕ್ಕರು. ನಗುತ್ತಲೇ ಅಂಗವಸ್ತ್ರದಿಂದ ಕಣ್ಣು ಒರೆಸಿಕೊಂಡು, ಕಪ್ಪಿನ ಕೆಳಗಿನ ಬಸಿಗೆ ಚಾ ಸುರಿದು ನನ್ನ ಕಡೆ ಸರಿಸಿದರು.