ಗಂಡನ ಸಾಕ್ಷಿ

ಮಾವನಿಗೆ ಲಕ್ವ ಹೊಡೆದಾಗ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಕೆಲಸದಲ್ಲಿದ್ದಳು. ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲ. ಬಿಟ್ಟಾಗ ಯಾಕೆ ಬಿಟ್ಟೆ ಎಂದು ಯಾರೂ ಕೇಳಲೂ ಇಲ್ಲ. ಅಂದಿನಿಂದ ಮುದುಕನನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಗಲ್ಲದಡಿ ಬಟ್ಟೆ ಹಿಡಿದು ತುತ್ತಿಡುವುದು, ಹೇಲು ಉಚ್ಚೆ ಬಳಿಯುವುದು, ಎಲ್ಲವೂ ಅವಳ ತಲೆಗೇ ಬಂತು. ಅದರಲ್ಲಿ ಯಾವುದಕ್ಕೂ ಅವಳು ಹೇಸಲಿಲ್ಲ. ಮೂಗು ಬೇಗ ಹೊಂದಿಕೊಂಡಿತು. ಹೊಂದಿಕೊಳ್ಳದೆ ಉಳಿದದ್ದು ಕಿವಿ.

"ನಮ್ಮೋಳಿಗೇನಪ್ಪಾ, ಮನೇಲಿ ಆರಾಮಾಗಿದಾಳೆ," ಎಂದು ಗಂಡ ಬಂದವರೆದುರು ನಗುತ್ತಿದ್ದ. "ಕೂತು ತಿನ್ನೋರಿಗೆ ಕುಡಿಕೆ ಹೊನ್ನೂ ಸಾಲದು."

ಗಂಡಸರ ಕಣ್ಣಿಗೆ ಇದೆಲ್ಲ ಬೀಳುವುದಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಾವನ ಔಷಧಿ ತರಲು ಹೋದ ಒಂದು ದಿನ ವ್ಯಾನು ಗುದ್ದಿ ಅವಳ ಸೊಂಟ ಮುರಿಯಿತು. ಪರಿಹಾರದ ಕೇಸು ನಡೆಯಿತು. ವಿಮೆಯವರ ವಕೀಲ ಹುಬ್ಬೇರಿಸಿ, "ಈಕೆಗೆ ಸಂಪಾದನೆಯೇ ಇರಲಿಲ್ಲ. ನಷ್ಟ ಎಲ್ಲಿಂದ ಬಂತು?" ಎಂದು ಕೇಳಿದ.

ಆಗ ಗಂಡ ಸಾಕ್ಷಿ ಹೇಳಲು ಎದ್ದು ನಿಂತ.

"ನಮ್ಮಪ್ಪನ್ನ ಮಗು ಥರ ನೋಡ್ಕೊಳ್ತಿದ್ಲು ಸ್ವಾಮಿ. ರಾತ್ರಿ ಎದ್ದೆದ್ದು ಮಗ್ಗುಲು ತಿರುಗಿಸೋಳು. ಬಿಸಿನೀರಲ್ಲಿ ಬಟ್ಟೆ ಅದ್ದಿ ಬೆರಳುಬೆರಳಿನ ಸಂದೀನೂ ಒರೆಸೋಳು. ಒಂದಿನಾನೂ ಹುಣ್ಣಾಗೋಕೆ ಬಿಡ್ಲಿಲ್ಲ. ಈಗ ಹಗಲಿಗೊಬ್ಳು ಆಯಾ, ರಾತ್ರಿಗೊಬ್ಳು. ಸಂಬಳ ಸುರೀತಿದೀನಿ, ಆದ್ರೂ ಅಪ್ಪನ ಬೆನ್ನು ತುಂಬ ಹುಣ್ಣು." ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ.

ಊರುಗೋಲು ಹಿಡಿದು ಕೂತಿದ್ದ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತೂ ಸುಳ್ಳಲ್ಲ. ಬೆರಳ ಸಂದಿಯವರೆಗೂ ನೋಡಿದ್ದಾನೆ! ಕುರುಡನಾಗಿದ್ದರೆ ಕ್ಷಮಿಸಬಹುದಿತ್ತು.

ಹೊರಗೆ ಬಂದು ಅವನು ಹಲ್ಲು ಕಿರಿದ. "ಹೆಂಗಿತ್ತು? ಜಡ್ಜು ಕರಗೇ ಹೋದ್ರು ಅಲ್ವಾ?"

ಪರಿಹಾರ ಅವಳ ಹೆಸರಿಗೇ ಬಂತು. ಸ್ಕೂಟರ್ ಬದಲಾಯಿಸೋಣ, ಮೇಲೊಂದು ರೂಮು ಎತ್ತಿಸೋಣ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಅವಳು ಪಾಸ್‌ಬುಕ್ಕನ್ನು ಬ್ಲೌಸಿನೊಳಗೆ ಸೇರಿಸಿ ಅಕ್ಕನ ಮನೆ ಸೇರಿದಳು. ಹೊರಡುವಾಗ ಮಾವ ಬಾಯಿ ಸೊಟ್ಟ ಮಾಡಿ ಏನೋ ಅಂದ. ಇವತ್ತಿಗೂ ಅವಳನ್ನು ಸುಡುವುದು ಅದೊಂದೇ.

ಕೆಲವು ತಿಂಗಳ ನಂತರ ಗಂಡ ಬಂದು ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತ. "ಆಯಾಗಳಿಗೆ ಕೊಟ್ಟು ಕೊಟ್ಟು ಸಾಕಾಯ್ತು ಕಣೆ. ನೀನೇನೂ ಎತ್ತೋದು ಬೇಡ. ಕೂತಲ್ಲೇ ಒಬ್ಬಳ ಮೇಲೆ ಕಣ್ಣಿಟ್ಟಿರು, ಇನ್ನೊಬ್ಬಳನ್ನ ಬಿಡಿಸ್ತೀನಿ."

ಬೈಯಬೇಕೆಂದು ಅವಳು ಬಾಯಿ ತೆರೆದಳು. ಆದರೆ ಅವನ ಮೇಲೆ ಮಾತು ಖರ್ಚು ಮಾಡುವುದಕ್ಕೂ ಹೇಸಿಗೆಯಾಯಿತು. ಊರುಗೋಲಿನಿಂದಲೇ ಬಾಗಿಲು ನೂಕಿ ಮುಚ್ಚಿದಳು.